ಹುರಿದುಂಬಿಸು ಎಂಬ ಕೆಲಸ

ಪ್ರೇಕ್ಷಕರು ಆಟಗಾರರನ್ನು ಹುರಿದುಂಬಿಸಿದರು, ಅತಿಥಿಗಳು ವಿದ್ಯಾರ್ಥಿಗಳನ್ನು ಹುರಿದುಂಬಿಸಿದರು, ಹೊಸ ಲೇಖಕರನ್ನು ಹಿರಿಯರು ಹುರಿದುಂಬಿಸಬೇಕು. ಪತ್ರಿಕೆಯಲ್ಲೂ ವೇದಿಕೆಯಲ್ಲೂ ಈ ಕ್ರಿಯಾಪದಕ್ಕೆ ಈಗ ಉಳಿದಿರುವ ಅರ್ಥ ಚಪ್ಪಾಳೆ ತಟ್ಟುವುದು, ಹೆಚ್ಚೆಂದರೆ ನಾಲ್ಕು ಒಳ್ಳೆಯ ಮಾತಾಡುವುದು. ಬರೆಯುವ, ಹಾಡುವ, ಚಿತ್ರ ಬಿಡಿಸುವ ಎಳೆಯರೂ ಇದನ್ನೇ ನಂಬಿದ್ದಾರೆ. ಮೊದಲು ಯಾರಾದರೂ ಹುರಿದುಂಬಿಸಲಿ, ಅದರಿಂದ ಆತ್ಮವಿಶ್ವಾಸ ಬರಲಿ, ಕೆಲಸಕ್ಕೆ ಆಮೇಲೆ ಕೂರೋಣ ಎಂಬ ಸರದಿ ಅವರ ಮಾತಿನಲ್ಲಿ ಕೇಳುತ್ತದೆ. ಈ ಸರದಿ ತಲೆಕೆಳಗು ಎಂಬುದು ನನ್ನ ವಾದ. ಸಾಕ್ಷಿ ಆ ಪದದ ಹೊಟ್ಟೆಯಲ್ಲೇ ಇದೆ. ಹುರಿದುಂಬಿಸು ಎಂಬುದರ ಹುರಿ, ಹಗ್ಗದ ಹುರಿ ಎಂದೇ ನಾನು ದೃಢವಾಗಿ ನಂಬಿದ್ದೇನೆ.

ಕಡಲೆಕಾಯಿ ಹುರಿಯುವ ಹುರಿ ಏಕಾಗಬಾರದು, ಕಾವು ಕೊಡುವುದೂ ಉತ್ಸಾಹವೇ ತಾನೆ ಎಂದು ಯಾರಾದರೂ ಕೇಳಬಹುದು. ಹಳಗನ್ನಡದಲ್ಲೂ ಎರಡೂ ‘ಪುರಿ’ಯೇ, ನಿಜ. ಆದರೆ ಬಳಕೆ ಯಾವ ಕಡೆ ವಾಲುತ್ತದೆ ನೋಡಿ. ದುಡಿದ ತೋಳು ಹುರಿಗಟ್ಟುತ್ತದೆ; ಹುರಿಗೊಳಿಸು ಎಂದರೆ ಗಟ್ಟಿ ಮಾಡು. ಬಾಣಲೆಯ ಹುರಿಗೆ ಇಂಥ ಬಲದ ಸಂಸಾರವಿಲ್ಲ. ಪದದಲ್ಲೇ ‘ತುಂಬು’ ಇದೆಯಲ್ಲ, ಅದು ಹೊರಗಿನಿಂದ ಬರುವುದೇ ಅಲ್ಲವೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಆದರೆ ತುಂಬುವುದು ನಾರನ್ನಲ್ಲ, ತಿರುವನ್ನು. ತೆಂಗಿನ ನಾರು ಒಂದೊಂದೂ ಹೆಚ್ಚುಕಡಿಮೆ ಗೇಣುದ್ದ. ಅದು ಬಾವಿಯ ತಳ ಮುಟ್ಟುವ ಹಗ್ಗವಾಗುವುದು ಅಂಟಿನಿಂದಲ್ಲ, ಗಂಟಿನಿಂದಲ್ಲ. ಹೊಸೆದಾಗ ನಾರು ನಾರನ್ನು ಒತ್ತಿ ಹಿಡಿಯುವುದರಿಂದ. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಅವನ್ನು ಕೂಡಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಬಿಚ್ಚಿಕೊಳ್ಳಲು ಹೊರಟ ಎಳೆಯೇ ಹಗ್ಗವನ್ನು ಬಿಗಿ ಮಾಡುತ್ತದೆ. ನಾರನ್ನೇ ತಾರದವನಿಗೆ ಯಾರೂ ಹುರಿ ತುಂಬಲಾರರು. ಕನ್ನಡಿಗರು ಕವಿತೆಯನ್ನೂ ‘ಹೊಸೆ’ಯುತ್ತಾರೆ, ಎರಡೂ ಮಾತು ಒಂದೇ ಅಂಗಳದಲ್ಲಿ ಹುಟ್ಟಿರಬೇಕು. ಆ ಹೊಸೆ ಈಗ ಬಡಪಾಯಿ ಕವಿಗಳನ್ನು ಹಂಗಿಸಲು ಬಳಕೆಯಾಗುತ್ತಿರುವುದು ಬೇಸರದ ಸಂಗತಿ. ಹೊಸೆಯದೆ ಗಟ್ಟಿಯಾದ ಪದ್ಯ ಯಾವುದಿದೆ?

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆಯನ್ನು ನಾವು ಅಭ್ಯಾಸದ ಪಾಠವೆಂದು ಮಕ್ಕಳಿಗೆ ಹೇಳಿ ಮುಗಿಸುತ್ತೇವೆ, ಅದೂ ಅರ್ಧವನ್ನು ಮಾತ್ರ. ನಿಧಾನವಾಗಿ ನೋಡಿದರೆ ಅದು ಧೈರ್ಯದ ಗಾದೆ. ಶಾಸ್ತ್ರದ ಕ್ರಮದಲ್ಲಿ ರಾಗ ಮೊದಲು, ಹಾಡು ಆಮೇಲೆ. ಗಾದೆ ಅದನ್ನು ಮಗುಚಿ ಹಾಕುತ್ತದೆ. ಹಾಡಲು ಕೂತವರ ಬಳಿ ರಾಗ ಇನ್ನೂ ಇಲ್ಲ, ಅಪಸ್ವರ ಇದೆ. ಅದರ ಜೊತೆಗೇ ಶುರು ಮಾಡಲು ಗಾದೆ ಅಪ್ಪಣೆ ಕೊಡುತ್ತದೆ. ‘ಹಾಡಿ’ ಎನ್ನದೆ ‘ಹಾಡ್ತಾ ಹಾಡ್ತಾ’ ಎಂದಿರುವುದೂ ಸುಮ್ಮನೆ ಅಲ್ಲ: ಇಂಥ ದಿನ ರಾಗ ಬಂತು ಎಂದು ಗೆರೆ ಎಳೆಯುವಂತಿಲ್ಲ. ಇನ್ನು ನಾವು ಬಿಟ್ಟುಬಿಡುವ ಉತ್ತರಾರ್ಧ. ಅಲ್ಲಿ ರೋಗ ಬಂದು ನರಳಿದ್ದಲ್ಲ, ನರಳಿ ನರಳಿ ರೋಗ ಬಂದದ್ದು. ‘ನನ್ನ ಕೈಲಾಗದು’ ಎಂಬುದೂ ದಿನದಿನ ಹೇಳಿಕೊಂಡೇ ಬಲಿತ ಮಾತು. ನಂಬಿಕೆ ಬೆಳೆಯುವ ರೀತಿಯೂ ಅಪನಂಬಿಕೆ ಬೆಳೆಯುವ ರೀತಿಯೂ ಒಂದೇ ಎಂದು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾದೆಯ ಪರ ಒಂದು ಬದುಕನ್ನು ಸಾಕ್ಷಿಗೆ ಕರೆಯುವುದಾದರೆ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರನ್ನು ಕರೆಯುತ್ತೇನೆ. ಅಪ್ಪಯ್ಯ ಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಗಾಯನಶೈಲಿ ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರಾದ ಮೇಲೆ ಅವರು ಮಂಜಿ ಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತರು. 1937ರಲ್ಲಿ ಆ ಗುರು ತೀರಿಕೊಂಡಾಗ ಬುರ್ಜಿ ಖಾನರ ಬಳಿ ಕಲಿಕೆ ಮುಂದುವರಿಯಿತು. ಮೆಚ್ಚುಗೆಯೊಂದೇ ಸಾಕಾಗಿದ್ದರೆ ಅದು ಅವರಿಗೆ ಮೊದಲೇ ಸಿಕ್ಕಿತ್ತು. ಪದ್ಮಶ್ರೀ ಬಂದದ್ದು 1970ರಲ್ಲಿ, ಅವರ ಅರವತ್ತರ ಹೊತ್ತಿಗೆ.

ಹಾಗಾದರೆ ಹುಟ್ಟಿನಿಂದ ಬರುವ ಪ್ರತಿಭೆಗೆ ಬೆಲೆಯಿಲ್ಲವೆ? ಇದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೇಳುತ್ತಾನೆ: ಹುಟ್ಟುಗುಣ, ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಬಂದ ಪಳಗುವಿಕೆ, ಬಲ್ಲವರ ಬಳಿ ಮಾಡಿದ ಸಾಧನೆ. ಇವು ಕಾವ್ಯಕ್ಕೆ ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎನ್ನುವುದು ಅವನ ನಿಲುವಿನ ಜೀವಾಳ. ಮೂರೆಳೆಯ ಹುರಿ ಎಂದು ನಾನು ಓದಿಕೊಳ್ಳುವುದು ಇದನ್ನೇ. ಹೊರಗಿನವರ ಮಾತಿಗೂ ಇಲ್ಲಿ ಜಾಗವಿದೆ, ಅದು ತಿರುವು ಕೊಡುವ ಮಾತಾಗಿರಬೇಕು ಅಷ್ಟೆ. ಇಂಗ್ಲಿಷಿನಲ್ಲಿ ಪದ್ಯ ಬರೆದು 1922ರಲ್ಲೇ ‘ಬಿಗಿನರ್ಸ್ ಮ್ಯೂಸ್’ ಪ್ರಕಟಿಸಿದ್ದ ಯುವಕ ಕುವೆಂಪು ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದರು. ಕಸಿನ್ಸ್ ಹೇಳಿದ್ದು, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು. ಬರೆದು ಬರೆದು ಪಳಗುತ್ತಿದ್ದ ಕೈ ಅಲ್ಲಿತ್ತು. ಆ ಮಾತು ಅದನ್ನು ಬೇರೆ ದಿಕ್ಕಿಗೆ ತಿರುಗಿಸಿತು. ‘ಶ್ರೀ ರಾಮಾಯಣ ದರ್ಶನಂ’ ಬೆಳಕು ಕಂಡದ್ದು 1949ರಲ್ಲಿ, ಅಷ್ಟು ವರ್ಷ ಕನ್ನಡದಲ್ಲೇ ಹೊಸೆದ ಮೇಲೆ.