ದೊರೆಯ ಮುಖವಿಲ್ಲದ ದುಡ್ಡು

ಸಾಣಾಪುರದಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಅಂಜನಾದ್ರಿ ಸಿಗುತ್ತದೆ. ಹನುಮಂತ ಹುಟ್ಟಿದ್ದು ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ತುಂಗಭದ್ರೆಯ ಆಚೆ ದಂಡೆಯಲ್ಲಿ ರಾಜ್ಯ ಕಟ್ಟಿದ ಹರಿಹರ, ಬುಕ್ಕರ ನಾಣ್ಯಗಳ ಮೇಲೂ ಹನುಮಂತನೇ ಇದ್ದಾನೆ. ಬೆಟ್ಟದ ದೇವರು ನಾಣ್ಯಕ್ಕೆ ಬಂದ ಎಂದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಹಾನಗಲ್ಲಿನ ಕದಂಬರು ಅವರಿಗಿಂತ ಮುಂಚೆಯೇ ಹನುಮನನ್ನು ಹೊನ್ನಿನ ಮೇಲೆ ಒತ್ತಿಸಿದ್ದರು. ಆನೆ ಗಂಗರ ಲಾಂಛನ, ವರಾಹ ಚಾಲುಕ್ಯರದು, ಗರುಡ ಸೇವುಣರದು. ಇವೆಲ್ಲ ಒಂದೊಂದಾಗಿ ವಿಜಯನಗರದ ಟಂಕಸಾಲೆಯಲ್ಲಿ ಕಾಣಿಸಿಕೊಂಡವು. ಹಳೆಯ ಮನೆತನಗಳ ವಾರಸುದಾರರು ನಾವೇ ಎಂಬ ಹಕ್ಕಿನ ಮಾತು ಅದರಲ್ಲಿ ಕೇಳಿಸುತ್ತದೆ. ಇಷ್ಟೆಲ್ಲ ಗುರುತುಗಳ ನಡುವೆ ಇಲ್ಲದಿರುವುದು ದೊರೆಯ ಮುಖ. ಅದನ್ನು ಬೇಕೆಂದೇ ಬಿಟ್ಟರು ಎಂಬುದು ನನ್ನ ವಾದ.

ರೋಮಿನ ದಾರಿ ಬೇರೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ತಲೆ ನಾಣ್ಯದ ಮೇಲೆ ಬಂದ ಮೇಲೆ ಬದುಕಿರುವ ದೊರೆಯ ಮುಖವೇ ಅಲ್ಲಿ ರೂಢಿಯಾಯಿತು. ಚಕ್ರವರ್ತಿ ವೆಸ್ಪಾಸಿಯನ್ ಯೂದಾಯವನ್ನು ಗೆದ್ದಾಗ ಹೊರಟ ಸೆಸ್ಟೆರ್ಟಿಯಸ್ ನೋಡಿ: ಸುಮಾರು 25 ಗ್ರಾಂ ತೂಗುವ, ಅಂಗೈ ತುಂಬುವ ಹಿತ್ತಾಳೆ ಬಿಲ್ಲೆ; ಒಂದು ಬದಿಗೆ ದಪ್ಪ ಕತ್ತಿನ ಚಕ್ರವರ್ತಿ, ಇನ್ನೊಂದು ಬದಿಗೆ ಖರ್ಜೂರದ ಮರದಡಿ ತಲೆಗೆ ಕೈ ಹಚ್ಚಿ ಕುಳಿತ ಸೆರೆಯ ಹೆಣ್ಣು. ಸೋತವರ ಅಳುವನ್ನು ಸಂತೆಯಲ್ಲಿ ಕೈಯಿಂದ ಕೈಗೆ ದಾಟಿಸಿದ ದುಡ್ಡು ಅದು. ಕೃಷ್ಣದೇವರಾಯನೂ ಗೆದ್ದವನೇ. ಉದಯಗಿರಿಯಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದ. ಅವನ ‘ವರಾಹ’ ಎಂಬ ಚಿನ್ನದ ನಾಣ್ಯದ ಮೇಲೆ ಕುಳಿತಿರುವುದು ಆ ಕೂಸುಕೃಷ್ಣನೇ. ತಾಮ್ರದ ಮೇಲೆ ಗರುಡ. ದೊರೆಯದೆಂದು ಉಳಿದದ್ದು ಹಿಂಬದಿಯ ಹೆಸರು ಮಾತ್ರ. ತಾಮ್ರದ ಚಿತ್ರವನ್ನು ಹಗುರಾಗಿ ಕಾಣಬಾರದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ‘ಹಣ’ ಎಂಬ ಒಂದು ನಾಣ್ಯಕ್ಕೆ ಆರು ಬೆಳ್ಳಿಯ ತಾರ, ಒಂದು ತಾರಕ್ಕೆ ಮೂರು ತಾಮ್ರದ ಜಿತಲ್ ಎಂದು ಲೆಕ್ಕ ಬರೆದಿದ್ದಾನೆ. ಚಿಲ್ಲರೆ ಕೊಳ್ಳುವವರ ಬೆರಳಿಗೆ ದಿನವೂ ತಾಗುತ್ತಿದ್ದುದು ಆ ಜಿತಲ್ಲೇ.

ಮುಖ ಕೆತ್ತುವ ಪದ್ಧತಿಯೇ ಇಲ್ಲಿ ಗೊತ್ತಿರಲಿಲ್ಲ ಎನ್ನಬಹುದು. ಆದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಶಾತವಾಹನರು ತಮ್ಮ ಬೆಳ್ಳಿಯ ಮೇಲೆ ತಮ್ಮದೇ ಮುಖ ಒತ್ತಿಸಿದ್ದರು. ಅದು ಸಾವಿರ ವರ್ಷದ ಹಿಂದಿನ ಮಾತು, ವಿಜಯನಗರದ ಹೊತ್ತಿಗೆ ಮರೆತೇ ಹೋಗಿತ್ತು ಎಂದರೆ, ಆ ಕಾಲದಲ್ಲೇ ವೆನಿಸಿನ ಚಿನ್ನದ ಡುಕಾಟ್ ನಮ್ಮ ಬಂದರುಗಳಿಗೆ ಬರುತ್ತಿತ್ತಲ್ಲ? ಅದರ ಮೇಲೆ ಆ ನಗರದ ಒಡೆಯ ಸಂತನೆದುರು ಮೊಣಕಾಲೂರಿದ್ದಾನೆ. ಇನ್ನು ಅಚ್ಚು ಕೆತ್ತುವವರ ಕೈಗೆ ಮುಖ ಒಲಿಯುತ್ತಿರಲಿಲ್ಲ ಎಂಬ ಮಾತು ನಿಲ್ಲುವುದೇ ಇಲ್ಲ. ಅಚ್ಯುತರಾಯನ ವರಾಹ ಮೂರೂವರೆ ಗ್ರಾಂಗೂ ಕಡಿಮೆ. ಅಷ್ಟು ಚಿಕ್ಕ ಬಿಲ್ಲೆಯಲ್ಲಿ ಎರಡು ತಲೆಯ ಗಂಡಭೇರುಂಡ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದು ನಿಂತಿದೆ. ಆ ಆನೆಗಳ ಸೊಂಡಿಲು ತೋರಿಸಬಲ್ಲ ಕೈಗೆ ಒಂದು ಮೂಗು, ಒಂದು ಗಲ್ಲ ಕಷ್ಟವೇ?

ಗಂಡಭೇರುಂಡವೂ ಗೆಲುವಿನ ಬಡಾಯಿಯೇ, ನಿಜ. ದೇವರಾಯನ ಆನೆ ಕಾಸುಗಳಲ್ಲಿ ಕೆಲವು ‘ರಾಯಗಜಗಂಡಭೇರುಂಡ’ ಎಂಬ ಬಿರುದನ್ನೇ ಹೊತ್ತಿವೆ. ಈ ದೊರೆಗಳು ವಿನಯವಂತರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರು ಬಿರುದು ಮೆರೆಸಿದರು, ಹೆಸರು ಬರೆಸಿದರು, ಪ್ರತಿಮೆಯನ್ನೂ ಮಾಡಿಸಿದರು. ಆದರೆ ಪ್ರತಿಮೆಗೆ ಅವರು ಆರಿಸಿದ ಜಾಗವೇ ಬೇರೆ. ತಿರುಮಲೆಯ ಗುಡಿಯಲ್ಲಿ ಇಬ್ಬರು ರಾಣಿಯರ ನಡುವೆ ಕೃಷ್ಣದೇವರಾಯ ಇಂದಿಗೂ ಲೋಹದಲ್ಲಿ ನಿಂತಿದ್ದಾನೆ: ತಲೆಗೆ ಎತ್ತರದ ಕುಲಾವಿ, ದೇವರಿಗೆ ಮುಗಿದ ಎರಡು ಕೈ.