ಜರ್ಮನಿಯಲ್ಲಿ ಖಾಯಂ ವಾಸ: ತಾತ್ಕಾಲಿಕ ಪರವಾನಗಿಯವರು ತಿಳಿದಿರಬೇಕಾದ ಲೆಕ್ಕ

ಕಾಸರಗೋಡಿನ ಮನೆಗಳಿಗೆ ಗಲ್ಫ್ ಹೊಸದಲ್ಲ. ಅಲ್ಲಿ ಸಾಮಾನ್ಯ ನೌಕರನ ವಾಸದ ಪರವಾನಗಿ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ಇಪ್ಪತ್ತು ವರ್ಷ ದುಡಿದರೂ ಕೆಲಸ ಹೋದರೆ ಊರಿಗೆ ಮರಳಲೇಬೇಕು. ಜರ್ಮನಿಯ ಕ್ರಮ ಬೇರೆ. ತಾತ್ಕಾಲಿಕ ಪರವಾನಗಿಯಲ್ಲಿ ಹೋದವರೂ ನಿಗದಿತ ಅವಧಿ ದುಡಿದು ಶರತ್ತುಗಳನ್ನು ಪೂರೈಸಿದರೆ ಖಾಯಂ ವಾಸದ ಹಕ್ಕು ಪಡೆಯಬಹುದು. ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆ 2021ರ ಡಿಸೆಂಬರಿನಲ್ಲಿ ಜರ್ಮನಿಯ ಫೆಡರಲ್ ಉದ್ಯೋಗ ಸಂಸ್ಥೆಯೊಂದಿಗೆ ದಾದಿಯರ ನೇಮಕಕ್ಕೆ ಒಪ್ಪಂದ ಮಾಡಿಕೊಂಡ ಬಳಿಕ ಈ ವಿಷಯ ಗಡಿನಾಡಿನವರಿಗೂ ಹತ್ತಿರವಾಗಿದೆ.

ಎಷ್ಟು ಕಾಲ ಬೇಕು?

ಖಾಯಂ ಪರವಾನಗಿಗೆ ಜರ್ಮನ್ ಭಾಷೆಯಲ್ಲಿ ನೀಡರ್‌ಲಾಸುಂಗ್ಸ್‌ಎರ್ಲೌಬ್ನಿಸ್ ಎಂದು ಹೆಸರು. ಇದನ್ನು ಪಡೆಯುವ ಮುಖ್ಯ ದಾರಿಗಳು ಹೀಗಿವೆ:

- ಸಾಮಾನ್ಯ ದಾರಿ: 5 ವರ್ಷ ವಾಸ, 60 ತಿಂಗಳ ಪಿಂಚಣಿ ವಂತಿಗೆ.
- ಕುಶಲ ನೌಕರರು: 3 ವರ್ಷ, 36 ತಿಂಗಳ ವಂತಿಗೆ. 2023ರ ನವೆಂಬರಿಗೆ ಮೊದಲು ಇದು 4 ವರ್ಷವಿತ್ತು.
- ಜರ್ಮನಿಯಲ್ಲೇ ವೃತ್ತಿ ತರಬೇತಿ ಅಥವಾ ಪದವಿ ಮುಗಿಸಿದ ಕುಶಲ ನೌಕರರು: 2 ವರ್ಷ, 24 ತಿಂಗಳ ವಂತಿಗೆ.
- ಬ್ಲೂ ಕಾರ್ಡ್ ಇರುವವರು: 27 ತಿಂಗಳು. ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ಇದ್ದರೆ 21 ತಿಂಗಳು ಸಾಕು.

ಬ್ಲೂ ಕಾರ್ಡಿನವರ 27 ತಿಂಗಳ ದಾರಿಗೆ ಎ1 ಮಟ್ಟದ ಭಾಷೆ ಸಾಕಾಗುತ್ತದೆ. ಉಳಿದ ದಾರಿಗಳಿಗೆ ಸಾಮಾನ್ಯವಾಗಿ ಬಿ1 ಬೇಕು.

ದಾದಿಯರು ಎಡವುವ ಜಾಗ

ಭಾರತದಲ್ಲಿ ಓದಿದ ದಾದಿಯ ವಿದ್ಯಾರ್ಹತೆಗೆ ಜರ್ಮನಿಯ ಮಾನ್ಯತೆ ಸಿಗಬೇಕು. ಅದು ಸಿಗುವವರೆಗೆ ಹಲವರು ಸಹಾಯಕಿಯಾಗಿ ದುಡಿಯುತ್ತಾರೆ. ಆಗ ಕೊಡುವುದು ಮಾನ್ಯತೆ ಪಡೆಯುವ ಸಲುವಾಗಿ ಇರುವ ಪರವಾನಗಿ (ವಾಸ ಕಾನೂನಿನ 16ಡಿ ಕಲಂ). ಮಾನ್ಯತೆ ಸಿಕ್ಕ ಮೇಲೆ ಅದು ಕುಶಲ ನೌಕರರ ಪರವಾನಗಿಯಾಗಿ (18ಎ ಕಲಂ) ಬದಲಾಗುತ್ತದೆ. ಮೂರು ವರ್ಷದ ಲೆಕ್ಕ ಶುರುವಾಗುವುದು ಈ ಎರಡನೆಯದರಿಂದ, ವಿಮಾನ ಇಳಿದ ದಿನದಿಂದಲ್ಲ.

ಉದಾಹರಣೆಗೆ, ಒಬ್ಬರು 2024ರ ಜನವರಿಯಲ್ಲಿ ಹೋಗಿ, 2025ರ ಜನವರಿಯಲ್ಲಿ ಕುಶಲ ಪರವಾನಗಿ ಪಡೆದರು ಎಂದಿಟ್ಟುಕೊಳ್ಳಿ. ಅವರು ಅರ್ಹರಾಗುವುದು 2027ರಲ್ಲಿ ಅಲ್ಲ, 2028ರ ಜನವರಿಯಲ್ಲಿ. ಆದರೆ ಮೊದಲ ವರ್ಷದ ಸಂಬಳದಿಂದ ಪಿಂಚಣಿ ವಂತಿಗೆ ಕಡಿತವಾಗಿದ್ದರೆ ಆ ತಿಂಗಳುಗಳು ವಂತಿಗೆಯ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ಮಾನ್ಯತೆಯ ಪರೀಕ್ಷೆಯನ್ನು ಮುಂದೂಡಿದಷ್ಟೂ ಖಾಯಂ ವಾಸವೂ ಮುಂದೆ ಹೋಗುತ್ತದೆ.

ಇತರ ಶರತ್ತುಗಳು

ಪಿಂಚಣಿ ವಂತಿಗೆ ಸಂಬಳದ ಶೇ. 18.6. ಇದರಲ್ಲಿ ಅರ್ಧ ನೌಕರನದು, ಅರ್ಧ ಮಾಲಿಕನದು. ಸಂಬಳ ಚೀಟಿಯಲ್ಲಿ ಕಡಿತ ಕಂಡರೆ ಸಾಲದು. ಪಿಂಚಣಿ ವಿಮಾ ಸಂಸ್ಥೆಯಿಂದ ತಮ್ಮ ಖಾತೆಯ ವಿವರ ತರಿಸಿ ಪ್ರತಿ ತಿಂಗಳೂ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು.

ಕುಟುಂಬಕ್ಕೆ ಸಾಲುವಷ್ಟು ಮನೆ ಇರಬೇಕು. ಸರಕಾರದ ನೆರವಿಲ್ಲದೆ ಜೀವನ ಸಾಗುವಷ್ಟು ಆದಾಯ ಬೇಕು. ದೇಶದ ಕಾನೂನು, ಸಮಾಜದ ಬಗ್ಗೆ ತಿಳಿವಳಿಕೆ ತೋರಿಸಲು ‘ಜರ್ಮನಿಯಲ್ಲಿ ಬದುಕು’ ಎಂಬ ಪರೀಕ್ಷೆಯಿದೆ. 33 ಪ್ರಶ್ನೆ, 60 ನಿಮಿಷ. ಖಾಯಂ ವಾಸಕ್ಕೆ 15 ಸರಿ ಉತ್ತರ ಸಾಕು.

ಮಧ್ಯದಲ್ಲಿ ಎಚ್ಚರ

ಅವಧಿಗೆ ಮೊದಲೇ ಕೆಲಸ ಹೋದರೆ ಎರಡು ವಾರದೊಳಗೆ ವಿದೇಶೀಯರ ಕಚೇರಿಗೆ ತಿಳಿಸುವುದು ನೌಕರನ ಹೊಣೆ. ತಾತ್ಕಾಲಿಕ ಪರವಾನಗಿ ಮುಗಿಯುವ ಮೊದಲೇ ಮುಂದಿನ ಅರ್ಜಿ ಕೊಡಬೇಕು. ಹಾಗೆ ಕೊಟ್ಟರೆ ತೀರ್ಮಾನ ಬರುವವರೆಗೆ ಹಳೆಯ ಪರವಾನಗಿಯೇ ಮುಂದುವರಿದಂತೆ ಲೆಕ್ಕ, ಅದಕ್ಕೆ ಒಂದು ಪತ್ರವನ್ನೂ ಕೊಡುತ್ತಾರೆ. ದಿನ ಮೀರಿದರೆ ಈವರೆಗೆ ಕೂಡಿಟ್ಟ ತಿಂಗಳುಗಳಿಗೇ ಕುತ್ತು ಬರಬಹುದು.

ಸಿಕ್ಕ ಮೇಲೆ

ಖಾಯಂ ಪರವಾನಗಿಗೆ ಅವಧಿ ಇಲ್ಲ, ಯಾವ ಮಾಲಿಕನಿಗೂ ಕಟ್ಟು ಬೀಳಬೇಕಾಗಿಲ್ಲ. ಭಾರತದ ಪಾಸ್‌ಪೋರ್ಟ್ ಹಾಗೆಯೇ ಉಳಿಯುತ್ತದೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವಕ್ಕೆ ಅವಕಾಶ ಕೊಟ್ಟಿದ್ದರೂ ಭಾರತದ ಕಾನೂನು ಅದನ್ನು ಒಪ್ಪುವುದಿಲ್ಲ. ಆದುದರಿಂದ ಪೌರತ್ವದ ವಿಚಾರ ಬೇರೆಯೇ ನಿರ್ಧಾರ.

ಒಂದು ಮಾತು ಮರೆಯಬಾರದು. ಜರ್ಮನಿಯಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಈ ಹಕ್ಕು ಸಾಮಾನ್ಯವಾಗಿ ತಾನಾಗಿ ರದ್ದಾಗುತ್ತದೆ. ಊರಲ್ಲಿ ಅಪ್ಪ ಅಮ್ಮನ ಕಾಯಿಲೆಗೆಂದು ಬಂದು ಹೆಚ್ಚು ದಿನ ಉಳಿಯಬೇಕಾದವರು ಆರು ತಿಂಗಳು ತುಂಬುವ ಮೊದಲೇ ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆದಿರಬೇಕು. ವರ್ಷಗಟ್ಟಲೆ ದುಡಿದು ಗಳಿಸಿದ್ದು ಒಂದು ಪತ್ರವಿಲ್ಲದ ಕಾರಣಕ್ಕೆ ಕೈತಪ್ಪಬಾರದು.