ಉಭಯ ವ್ಯವಸ್ಥೆಗಳ ನಡುವೆ ಇ-ಮೇಲ್ ದತ್ತಾಂಶದ ಹಂಚಿಕೆ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಸ್ಥಾಪಿಸಿಕೊಂಡು, ಯಂತ್ರವನ್ನು ಚಾಲನೆಗೊಳಿಸುವಾಗ ಆ ಹೊತ್ತಿಗೆ ಬೇಕಾದುದನ್ನು ಆರಿಸಿಕೊಳ್ಳುವ ಬಳಕೆದಾರನು, ಯಾವುದನ್ನು ತೆರೆದರೂ ತನ್ನ ಪತ್ರವ್ಯವಹಾರವೆಲ್ಲ ಏಕರೂಪವಾಗಿ ಕಾಣುವಂತೆ ಅದರ ಭಂಡಾರವನ್ನು ಉಭಯಸಾಮಾನ್ಯವಾದ ಸ್ಥಳವೊಂದರಲ್ಲಿ ಇರಿಸಿಕೊಳ್ಳುವ ಕ್ರಮ.

ಈ ಕ್ರಮದ ಆವಶ್ಯಕತೆ ಹುಟ್ಟಿದ್ದು ಪಾಪ್ ಎಂಬ ಅಂಚೆಪದ್ಧತಿಯಿಂದ. ಇದರಲ್ಲಿ ಪತ್ರಗಳು ಸರ್ವರ್‌ನಿಂದ ಬಳಕೆದಾರನ ಹಾರ್ಡ್ ಡಿಸ್ಕಿಗೆ ಇಳಿದು, ಸಾಮಾನ್ಯವಾಗಿ ಸರ್ವರ್‌ನಿಂದ ಅಳಿಸಿಹೋಗುತ್ತವೆ. ಆದುದರಿಂದ ಬೆಳಗ್ಗೆ ವಿಂಡೋಸ್‌ನಲ್ಲಿ ಇಳಿಸಿಕೊಂಡ ಪತ್ರವು ಸಂಜೆ ಲಿನಕ್ಸ್‌ನಲ್ಲಿ ಕುಳಿತವನಿಗೆ ಎಷ್ಟು ಹುಡುಕಿದರೂ ದೊರೆಯದು.

ಉಭಯ ವ್ಯವಸ್ಥೆಗಳಲ್ಲಿಯೂ ನಡೆಯತಕ್ಕ ಅಂಚೆ ತಂತ್ರಾಂಶವಿದ್ದಲ್ಲಿ ಮಾತ್ರ ಹಂಚಿಕೆ ಸುಗಮ. ಇದಕ್ಕೆ ಹೆಚ್ಚಾಗಿ ಬಳಕೆಯಾದದ್ದು ಮೊಜಿಲ್ಲಾದ ಥಂಡರ್‌ಬರ್ಡ್. ಇದರ ಪ್ರಥಮ ಪೂರ್ಣ ಆವೃತ್ತಿ ಪ್ರಕಟವಾದುದು 2004ರ ಡಿಸೆಂಬರಿನಲ್ಲಿ. ಪತ್ರಗಳು, ವಿಳಾಸಗಳು, ಖಾತೆಯ ವಿವರಗಳು, ಗುಪ್ತಪದಗಳು ಇವೆಲ್ಲವನ್ನೂ ಅದು ಪ್ರೊಫೈಲ್ ಎಂಬ ಒಂದೇ ಫೋಲ್ಡರಿನಲ್ಲಿ ಕೂಡಿಡುತ್ತದೆ. ಪತ್ರಗಳು ಎಂಬಾಕ್ಸ್ ಎಂಬ ಹಳೆಯ ಯುನಿಕ್ಸ್ ಪರಂಪರೆಯ ಸರಳ ಪಠ್ಯರೂಪದಲ್ಲಿ ಇರುವುದರಿಂದ ಅವನ್ನು ಓದಲು ಯಾವ ವ್ಯವಸ್ಥೆಗೂ ಅಡ್ಡಿಯಿಲ್ಲ. ಪ್ರತಿ ಪತ್ರಕೋಶದ ಪಕ್ಕದಲ್ಲಿ ಎಂಎಸ್ಎಫ್ ಎಂಬ ಸೂಚಿಯ ಕಡತವೊಂದು ಇರುತ್ತದೆ. ಅದು ಕೆಟ್ಟರೂ ಪತ್ರಗಳಿಗೆ ಹಾನಿಯಿಲ್ಲ, ಮೂಲವನ್ನು ಓದಿ ತಂತ್ರಾಂಶವು ಅದನ್ನು ಪುನಃ ರಚಿಸಿಕೊಳ್ಳುತ್ತದೆ. ಕೇವಲ ಪತ್ರಕೋಶಗಳನ್ನು ಹಂಚಿಕೊಂಡು ಉಳಿದುದನ್ನು ಪ್ರತ್ಯೇಕವಾಗಿಟ್ಟುಕೊಳ್ಳುವವರೂ ಉಂಟು. ಇದು ಅಷ್ಟು ಹಿತವಾದ ಮಾರ್ಗವಲ್ಲ. ಯಾವ ಪತ್ರ ಈಗಾಗಲೇ ಇಳಿದಿದೆ ಎಂಬ ಲೆಕ್ಕವು ಬೇರೊಂದು ಕಡತದಲ್ಲಿರುವುದರಿಂದ, ಸರ್ವರ್‌ನಲ್ಲಿ ಪ್ರತಿಗಳನ್ನು ಉಳಿಸಿಕೊಂಡವನಿಗೆ ಅದೇ ಪತ್ರ ಎರಡೆರಡು ಸಲ ಬಂದು ಬೀಳುತ್ತದೆ. ಇಡೀ ಪ್ರೊಫೈಲನ್ನೇ ಸಾಮಾನ್ಯ ಪಾರ್ಟಿಷನ್ನಿಗೆ ಸ್ಥಳಾಂತರಿಸಿ, ಎರಡೂ ವ್ಯವಸ್ಥೆಗಳಲ್ಲಿನ ಪ್ರೊಫೈಲ್ಸ್ ಡಾಟ್ ಐಎನ್ಐ ಕಡತಗಳಲ್ಲಿ ಆ ಸ್ಥಳದ ವಿಳಾಸವನ್ನು ಆಯಾ ವ್ಯವಸ್ಥೆಯ ರೀತಿಯಲ್ಲಿ ನಮೂದಿಸುವುದೇ ಉಚಿತ.

ನಿಜವಾದ ತೊಡಕು ಇರುವುದು ಪತ್ರಗಳಲ್ಲಲ್ಲ, ಅವು ನಿಂತಿರುವ ನೆಲದಲ್ಲಿ. ಲಿನಕ್ಸ್‌ನ ಸ್ವಂತ ಕಡತವ್ಯವಸ್ಥೆಯನ್ನು ವಿಂಡೋಸ್ ತಾನಾಗಿ ಓದಲಾರದು. ಉಭಯರಿಗೂ ಪರಿಚಿತವಾದ ಫ್ಯಾಟ್32 ಒಂದು ಕಡತಕ್ಕೆ 4 ಜಿಬಿಗಿಂತ ಹೆಚ್ಚಿನ ಗಾತ್ರವನ್ನು ಒಪ್ಪದು. ಹಲವು ವರ್ಷಗಳ ಅಂಚೆ ತುಂಬಿದ ಪತ್ರಕೋಶವು ಆ ಮೇರೆಯನ್ನು ಮುಟ್ಟುವುದು ಅಸಂಭವವೇನಲ್ಲ. ಹೀಗಾಗಿ ಸಾಮಾನ್ಯವಾಗಿ ಆರಿಸುವುದು ವಿಂಡೋಸಿನ ಎನ್‌ಟಿಎಫ್ಎಸ್. ಇದರಲ್ಲಿ ಬರೆಯುವ ಸಾಮರ್ಥ್ಯ ಲಿನಕ್ಸ್‌ಗೆ ಮೊದಲು ಎನ್‌ಟಿಎಫ್ಎಸ್-3ಜಿ ಎಂಬ ಚಾಲಕದಿಂದಲೂ, 2021ರಿಂದ ಕರ್ನಲ್ಲಿನಲ್ಲಿಯೇ ಅಡಕವಾದ ಮತ್ತೊಂದು ಚಾಲಕದಿಂದಲೂ ಒದಗಿತು. ಆದರೆ 2012ರಲ್ಲಿ ಬಂದ ವಿಂಡೋಸ್ 8, ಶೀಘ್ರವಾಗಿ ಎದ್ದೇಳುವ ಆಸೆಯಿಂದ, ಆರಿಸಿದಾಗ ಸಂಪೂರ್ಣವಾಗಿ ಆರದೆ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಮಲಗುವ ಅಭ್ಯಾಸವನ್ನು ತಂದಿತು. ಅಂಥ ಅರೆನಿದ್ರೆಯಲ್ಲಿರುವ ಪಾರ್ಟಿಷನ್ನಿಗೆ ಬರೆಯುವುದು ಅಪಾಯಕರವಾದ್ದರಿಂದ ಲಿನಕ್ಸ್ ಅದನ್ನು ಬಹುಮಟ್ಟಿಗೆ ಓದಲಷ್ಟೇ ತೆರೆಯುತ್ತದೆ, ಥಂಡರ್‌ಬರ್ಡ್ ಮುನಿಸಿಕೊಂಡು ನಿಲ್ಲುತ್ತದೆ. ಹಂಚಿಕೆಯನ್ನು ಬಯಸುವವನು ಮೊದಲು ಫಾಸ್ಟ್ ಸ್ಟಾರ್ಟಪ್ ಎಂಬ ಈ ಸೌಲಭ್ಯವನ್ನು ತೆಗೆದುಹಾಕತಕ್ಕದ್ದು. ಲಿನಕ್ಸನ್ನು ಹೈಬರ್ನೇಟ್ ಮಾಡಿ ವಿಂಡೋಸಿಗೆ ಹೋಗುವುದೂ ಇಷ್ಟೇ ವರ್ಜ್ಯ.

ಗಡಿಯಾರದ ವ್ಯಾಜ್ಯವೂ ಒಂದುಂಟು. ಯಂತ್ರದ ಅಂತರ್ಗತ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಕಾಲವೆಂದೂ ಲಿನಕ್ಸ್ ಸಾರ್ವತ್ರಿಕ ಕಾಲವೆಂದೂ ಎಣಿಸುವ ಕಾರಣ, ಭಾರತದಲ್ಲಿ ಲಿನಕ್ಸ್‌ನಿಂದ ವಿಂಡೋಸಿಗೆ ಬಂದವನ ಗಡಿಯಾರ ಐದೂವರೆ ಗಂಟೆ ಹಿಂದುಳಿದು, ಅವನ ಉತ್ತರವು ಪ್ರಶ್ನೆಗಿಂತ ಮೊದಲೇ ಬರೆದದ್ದೆಂಬ ವಿಚಿತ್ರ ಮುದ್ರೆಯನ್ನು ಹೊತ್ತು ಹೋಗುತ್ತದೆ. ಲಿನಕ್ಸನ್ನು ಸ್ಥಳೀಯ ಕಾಲಕ್ಕೆ ಹೊಂದಿಸಿದರೆ ಇದು ನಿಲ್ಲುತ್ತದೆ. ತಂತ್ರಾಂಶದ ಆವೃತ್ತಿಯೂ ಎರಡೂ ಕಡೆ ಸಮನಾಗಿರಬೇಕು. ಹೊಸ ಆವೃತ್ತಿ ಮುಟ್ಟಿದ ಪ್ರೊಫೈಲನ್ನು ಹಳೆಯದು ತೆರೆಯಲು ನಿರಾಕರಿಸುತ್ತದೆ.

ಪತ್ರಗಳನ್ನು ಸರ್ವರ್‌ನಲ್ಲಿಯೇ ಇರಿಸುವ ಐಮ್ಯಾಪ್ ಪದ್ಧತಿ, ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ್ದು, ಈಗ ವ್ಯಾಪಕವಾಗಿರುವುದರಿಂದ ಈ ಶ್ರಮವೆಲ್ಲ ಬಹುಮಂದಿಗೆ ಬೇಡವಾಗಿದೆ. ಹಳೆಯ ಪಾಪ್ ಸಂಗ್ರಹವನ್ನೂ ಸ್ಥಳೀಯ ಫೋಲ್ಡರುಗಳನ್ನೂ ಉಳಿಸಿಕೊಂಡವರಿಗೆ ಮಾತ್ರ ಇದು ಇನ್ನೂ ಪ್ರಯೋಜನಕರ. ಅವರು ಪ್ರೊಫೈಲಿನಲ್ಲಿನ ಗುಪ್ತಪದಗಳನ್ನು ಕಾಯುವ ಪ್ರೈಮರಿ ಪಾಸ್‌ವರ್ಡ್ ಹಾಕಿಕೊಳ್ಳುವುದು ಲೇಸು. ಸಾಮಾನ್ಯ ಪಾರ್ಟಿಷನ್ನಿನಲ್ಲಿ ಕುಳಿತ ಪ್ರೊಫೈಲು, ಆ ಯಂತ್ರವನ್ನು ಬಳಸುವ ಇತರರಿಗೂ ಸಾಮಾನ್ಯವಾಗಿ ತೆರೆದೇ ಇರುತ್ತದೆ.